ಅಲಾರಂ ಬಾರಿಸಿದೆ ಎಂದು ಭಾವಿಸಿರಿ

ನಮ್ಮ ಅಪಾರ್ಟ್‌ಮೆಂಟಿನ ಬೆಂಕಿ ನಂದಿಸುವ ಸಿಲಿಂಡರುಗಳಿಗೆ ವರ್ಷಕ್ಕೊಂದೇ ಸ್ನಾನ. ಆಯುಧಪೂಜೆಯ ದಿನ ಧೂಳು ಒರೆಸಿ, ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕುತ್ತೇವೆ. ಮರುದಿನದಿಂದ ಅವು ಮತ್ತೆ ಗಾಜಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೀಗ. ಬೀಗದ ಕೈ ಕಾರ್ಯದರ್ಶಿಗಳ ಬಳಿ. ಕಾರ್ಯದರ್ಶಿಗಳು ಮಗಳ ಬಾಣಂತನಕ್ಕೆಂದು ಅಮೆರಿಕದಲ್ಲಿ.

‘ಬೀಗ ಯಾಕೆ ಸಾರ್?’ ಎಂದು ಫೋನಿನಲ್ಲಿ ಕೇಳಿದೆ. ‘ಕದ್ದುಬಿಟ್ಟರೆ ಏನ್ರೀ ಗತಿ?’ ಎಂದರು.

ಇದನ್ನು ಬೇಜವಾಬ್ದಾರಿ ಎನ್ನುವವರಿಗೆ ಲೋಕಜ್ಞಾನ ಸಾಲದು. ಘಟಾನುಘಟಿ ಉದ್ಯಮಗಳೇ ನಡೆದ ದಾರಿಯಿದು. ರಕ್ಷಣಾ ಸಾಧನವನ್ನು ಕೊಳ್ಳಬೇಕು. ಕೊಂಡಮೇಲೆ ಅದಕ್ಕೆ ಯಾವ ಆಯಾಸವೂ ಆಗದಂತೆ ಕಾಪಾಡಬೇಕು.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಲೆಕ್ಕಕ್ಕೆ ಏನೂ ಕಡಿಮೆಯಿರಲಿಲ್ಲ. ಟ್ಯಾಂಕನ್ನು ತಣ್ಣಗಿಡುವ ಶೈತ್ಯಯಂತ್ರವಿತ್ತು. ಖರ್ಚು ಉಳಿಸಲು ತಿಂಗಳುಗಳ ಹಿಂದೆಯೇ ನಿಲ್ಲಿಸಿದ್ದರು. ಸೋರಿದ ಅನಿಲವನ್ನು ತೊಳೆಯುವ ಸ್ಕ್ರಬ್ಬರ್ ವಿಶ್ರಾಂತಿಯಲ್ಲಿತ್ತು. ಸುಟ್ಟುಹಾಕುವ ಗೋಪುರಕ್ಕೆ ಹೋಗುವ ಪೈಪಿನ ತುಂಡೊಂದನ್ನು ರಿಪೇರಿಗೆಂದು ಬಿಚ್ಚಿಟ್ಟಿದ್ದರು. ನೀರು ಚಿಮ್ಮಿಸಿದರು, ಅನಿಲ ಅದಕ್ಕೆ ಎಟುಕದಷ್ಟು ಎತ್ತರದಿಂದ ಹೊರಟಿತ್ತು. ಕಾವಲಿಗಿಟ್ಟ ಈ ಸಾಧನಗಳೆಲ್ಲ, ಇನ್ನೊಂದು ಎದ್ದಿದೆಯೆಂಬ ಧೈರ್ಯದಲ್ಲಿ ಮಲಗಿದಂತಿದ್ದವು. ಊರಿಗೆ ಕೇಳುವ ಸೈರನ್ನನ್ನು ಸ್ವಲ್ಪ ಹೊತ್ತು ಕೂಗಿಸಿ ನಿಲ್ಲಿಸಿದರು. ಜನ ಗಾಬರಿಯಾಗಬಾರದಲ್ಲ! ಜನ ಎದ್ದದ್ದು ಕಣ್ಣುರಿಗೆ.

ಪಾಠ ಸಮುದ್ರಕ್ಕೂ ತಲುಪಿತು. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ, ನೀರಿಗಿಳಿದ ಮುಳುಗುಗಾರರನ್ನು ಸೆಳೆದುಕೊಳ್ಳದಿರಲೆಂದು ಬೆಂಕಿ ಪಂಪುಗಳನ್ನು ಕೈಯಿಂದ ಚಾಲೂ ಮಾಡುವಂತೆ ಬದಲಿಸಿದ್ದರು. ಬೆಂಕಿ ಬಿದ್ದ ಮೇಲೆ ಆ ಕೈ ಸ್ವಿಚ್ಚಿಗೆ ತಲುಪಲಿಲ್ಲ. ಸತ್ತವರು 167.

ಆದರೂ ನನ್ನ ನಮಸ್ಕಾರ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲಬಾವಿ ಕೊರೆಯುತ್ತಿದ್ದ ಡೀಪ್‌ವಾಟರ್ ಹೊರೈಜನ್ ರಿಗ್ಗಿಗೆ. ಸುಳ್ಳು ಅಲಾರಂ ಕೇಳಿ ಯಾರೂ ನಡುರಾತ್ರಿ ಏಳದಿರಲಿ ಎಂದು ಅಲ್ಲಿ ಮುಖ್ಯ ಅಲಾರಂ ತಾನಾಗಿ ಕೂಗದಂತೆ ತಡೆದಿದ್ದರೆಂದು ಅಲ್ಲಿನ ತಂತ್ರಜ್ಞರೊಬ್ಬರೇ ವಿಚಾರಣೆಯಲ್ಲಿ ಹೇಳಿದರು. 2010ರ ಏಪ್ರಿಲ್ 20ರಂದು, ಏಳು ವರ್ಷಗಳ ಸುರಕ್ಷತಾ ಸಾಧನೆಯನ್ನು ಅಭಿನಂದಿಸಲು ಸಾಹೇಬರೆಲ್ಲ ಬಂದಿಳಿದ ದಿನವೇ ಅದು ಸಿಡಿಯಿತು. ಹನ್ನೊಂದು ಜನ ಹೋದರು. ರಿಗ್ಗಿನ ಒಡೆಯ ಕಂಪನಿ ಮಾತ್ರ 2010 ತನ್ನ ಚರಿತ್ರೆಯಲ್ಲೇ ಸುರಕ್ಷತೆಯ ಅತ್ಯುತ್ತಮ ವರ್ಷವೆಂದು ಬರೆದುಕೊಂಡು ಬೋನಸ್ ಹಂಚಿತು! (ಛೀಮಾರಿ ಬಿದ್ದ ಮೇಲೆ ದೊಡ್ಡವರು ಆ ಹಣವನ್ನು ದಾನ ಮಾಡಿದರು.)

ಅದೇ ವರ್ಷ ಫೆಬ್ರವರಿಯಲ್ಲಿ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆ ತುಂಬಿದಾಗ ತುರ್ತು ದಾರಿಯ ಬಾಗಿಲುಗಳಿಗೆ ಬೀಗವಿತ್ತು. ಒಂಬತ್ತು ಜನ.

ಕಳೆದ ಭಾನುವಾರ ನಮ್ಮಲ್ಲೂ ಅಣಕು ಕವಾಯತು. ಕಾರ್ಯದರ್ಶಿಗಳ ಸಂದೇಶ ಅಮೆರಿಕದಿಂದಲೇ ವಾಟ್ಸಾಪಿಗೆ ಬಂತು: ‘ಎರಡನೇ ಮಹಡಿಯಲ್ಲಿ ಮಗು ಮಲಗಿದೆ. ದಯವಿಟ್ಟು ಅಲಾರಂ ಬಾರಿಸಿದೆ ಎಂದು ಭಾವಿಸಿ ಎಲ್ಲರೂ ಕೆಳಗಿಳಿಯುವುದು.’

ನಲವತ್ತು ಮನೆಗಳಿಂದ ಆರು ಜನ ಇಳಿದೆವು. ಮೆಟ್ಟಿಲ ಮೇಲೆ ಚಪ್ಪಲಿ ಸ್ಟ್ಯಾಂಡು, ಸೈಕಲ್ಲು ಇದ್ದುದರಿಂದ ಲಿಫ್ಟಿನಲ್ಲಿ.