ಸತ್ಯಾಂಶ: ತಡೆಗೋಡೆ ಕಟ್ಟಿದರೆ ಕಡಲ್ಕೊರೆತ ನಿಲ್ಲುತ್ತದೆಯೇ?

ದಡದುದ್ದಕ್ಕೂ ಬಂಡೆಗಲ್ಲಿನ ಗೋಡೆ ಕಟ್ಟಿದರೆ ಕಡಲ್ಕೊರೆತ ಶಾಶ್ವತವಾಗಿ ನಿಲ್ಲುತ್ತದೆ ಎಂಬ ಸಂದೇಶ ಮತ್ತೆ ಮತ್ತೆ ಬರುತ್ತಿರುತ್ತದೆ. ಇದು ಪೂರ್ತಿ ನಿಜವಲ್ಲ. ಗೋಡೆ ಕಾಯುವುದು ತನ್ನ ಹಿಂದಿನ ನೆಲವನ್ನು, ಮುಂದಿನ ಮರಳನ್ನಲ್ಲ. ಅಪ್ಪಳಿಸಿದ ಅಲೆ ಹಿಂದಿರುಗುವಾಗ ಬುಡದ ಮರಳನ್ನು ಕೆದಕಿ ಒಯ್ಯುತ್ತದೆ. ಬುಡ ಟೊಳ್ಳಾದರೆ ಕಲ್ಲುಗಳು ಜಾರುತ್ತವೆ. ಕಲ್ಲಿನಡಿ ಸೋಸುವ ಪದರ ಇಲ್ಲದಿದ್ದರೆ ಹಿಂಬದಿಯ ಮಣ್ಣೂ ಸಂದಿಗಳಲ್ಲಿ ಸೋರಿಹೋಗುತ್ತದೆ. ಗೋಡೆ ಮುಗಿಯುವಲ್ಲಿ ಪಕ್ಕದ ದಡದ ಕೊರೆತ ಹೆಚ್ಚಾಗಬಹುದು. ನಿಜವಾದ ಆತಂಕ ಅದೇ.

ನೀವೇ ಪರೀಕ್ಷಿಸಬಹುದು. ಒಂದೇ ಜಾಗದ 10-20 ವರ್ಷಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ. ತಿಂಗಳು ಒಂದೇ ಇರಲಿ, ಏಕೆಂದರೆ ಮರಳು ಋತುವಿಗೆ ತಕ್ಕಂತೆ ಹೋಗಿಬರುತ್ತದೆ. ಉಬ್ಬರವಿಳಿತದಿಂದ ಲೆಕ್ಕ ತಪ್ಪದಿರಲು ನೀರಿನ ಅಂಚಿನ ಬದಲು ಗಿಡಗಂಟಿಗಳ ಅಂಚನ್ನು ಅಳೆಯಿರಿ. ಗೋಡೆಯ ಎರಡೂ ತುದಿಗಳಾಚೆಯ ದಡವನ್ನೂ ನೋಡಿ.