ಹೂವಿನ ಊರಲ್ಲಿ ಹೂವಿನ ಟ್ಯೂಷನ್

ಚಿಕ್ಕಬಳ್ಳಾಪುರದವರಿಗೆ ಹೂವು ಅಂದರೇನು ಅಂತ ಕೊನೆಗೂ ಗೊತ್ತಾಗುವ ಕಾಲ ಬಂದಿದೆ. ನಮ್ಮ ಬೀದಿಯ ತುದಿಯಲ್ಲಿ ಹೂ ಜೋಡಿಸುವುದನ್ನು ಕಲಿಸುವ ಸ್ಟುಡಿಯೋ ತೆರೆದಿದೆ. ಅಂಗಡಿಯಲ್ಲ, ಸ್ಟುಡಿಯೋ. ಅಂಗಡಿಯಲ್ಲಿ ಮೊಳದ ಲೆಕ್ಕ, ಇಲ್ಲಿ ಗಂಟೆಯ ಲೆಕ್ಕ. ಬೋರ್ಡಿನ ಮೇಲೆ ‘ಡ್ರಾಪ್ ಇನ್’ ಅಂತ ಬರೆದಿದೆ. ಅಂದರೆ ಯಾವಾಗ ಬೇಕಾದರೂ ಸುಮ್ನೆ ಬರಬಹುದು. ಸುಮ್ನೆ ಹೋದೆ. ‘ಸ್ಲಾಟ್ ಬುಕ್ ಮಾಡಿಕೊಂಡು ಸುಮ್ನೆ ಬರಬೇಕು ಸರ್’ ಅಂದರು. ಬುಕ್ ಮಾಡಿದೆ. 799 ರೂಪಾಯಿ.

ಕೈಗೆ ನಾಲ್ಕು ಗುಲಾಬಿ, ಎರಡು ಜರ್ಬೆರಾ, ಒಂದು ಒಣಕಡ್ಡಿ ಕೊಟ್ಟರು. ‘ಎಲ್ಲಾ ಬೆಂಗಳೂರಿಂದ ತರಿಸಿದ್ದು’ ಅಂತ ಟೀಚರಮ್ಮನಿಗೆ ಹೆಮ್ಮೆ. ಪಕ್ಕದಲ್ಲಿ ಕೂತ ಹುಡುಗ ಮುಸಿಮುಸಿ ನಕ್ಕ. ಅವರಪ್ಪನದ್ದೇ ಗುಲಾಬಿ ಪಾಲಿಹೌಸ್ ಇದೆ. ಇಲ್ಲೇ ಬೆಳೆದು, ಹೈವೇ ಹಿಡಿದು ಬೆಂಗಳೂರಿಗೆ ಹೋಗಿ, ರೇಟು ಏರಿಸಿಕೊಂಡು ವಾಪಸ್ ಬಂದರೇ ಮರ್ಯಾದೆ. ನಮ್ಮ ಎಂಜಿನಿಯರಿಂಗ್ ಹುಡುಗರ ಕಥೆಯೂ ಅದೇ ಅಲ್ವಾ? ಬೆಂಗಳೂರು ತನ್ನ ಚರಂಡಿ ನೀರು ಸಂಸ್ಕರಿಸಿ ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಕಳಿಸುತ್ತದೆ. ನಾವು ಹೂವು ಕಳಿಸುತ್ತೇವೆ. ಈಗ ಅದು ಟೀಚರನ್ನೂ ಕಳಿಸಿದೆ. ಋಣ ತೀರಿತು.

ಆಮೇಲೆ ಹಸಿರು ಇಟ್ಟಿಗೆ ಬಂತು. ಹೂವಿನ ಕಡ್ಡಿ ಚುಚ್ಚಿ ನಿಲ್ಲಿಸುವ ಫ್ಲೋರಲ್ ಫೋಮ್. 1954ರಲ್ಲಿ ಅಮೆರಿಕದವರು ಕಂಡುಹಿಡಿದ ಪ್ಲಾಸ್ಟಿಕ್ಕು, ಮಣ್ಣಲ್ಲಿ ಕರಗಲ್ಲ. ‘ನೀರಿಗೆ ಅದುಮಬೇಡಿ, ತಾನಾಗಿಯೇ ಕುಡಿದು ಮುಳುಗಲಿ’ ಅಂದರು. ಸಾವಿರ ಅಡಿ ಬೋರ್ ಕೊರೆಸಿ ಧೂಳು ನೋಡಿದ ಊರಿನವರು ನಾವು. ಇಟ್ಟಿಗೆ ನೀರು ಕುಡಿಯುವುದನ್ನು ಕಣ್ಣು ಮಿಟುಕಿಸದೆ ನೋಡಿದೆವು.

‘ಹೂವಿಗಿಂತ ಖಾಲಿ ಜಾಗ ಮುಖ್ಯ. ಜಪಾನಿನ ಹೂಜೋಡಣೆ ಇಕೆಬಾನದ ಗುಟ್ಟೇ ಅದು’ ಅಂದರು ಟೀಚರಮ್ಮ. ನಂದಿ ಬೆಟ್ಟದ ಸುತ್ತ ಖಾಲಿ ಜಾಗ ಕಂಡರೆ ಕಲ್ಲು ನೆಟ್ಟು ಸೈಟು ಅಂತಾರೆ. ಜಪಾನಿನಲ್ಲಿ ಕಲೆ ಅಂತಾರಂತೆ. ಹಬ್ಬ ಮುಗಿದು ರೇಟು ಬಿದ್ದಾಗ ನಮ್ಮ ರೈತರು ಚೆಂಡು ಹೂವನ್ನು ಟ್ರ್ಯಾಕ್ಟರ್‌ಗಟ್ಟಲೆ ರಸ್ತೆ ಬದಿಗೆ ಸುರಿಯುತ್ತಾರೆ. ಕಿತ್ತ ಕೂಲಿಯೂ ಹುಟ್ಟಿರಲ್ಲ. ಈಗ ತಪ್ಪು ಗೊತ್ತಾಯಿತು. ನಡುವೆ ಖಾಲಿ ಜಾಗ ಬಿಟ್ಟು, ಒಂದು ಒಣಕಡ್ಡಿ ಸಿಕ್ಕಿಸಿ ಸುರಿದಿದ್ದರೆ ಟಿಕೆಟ್ ಇಡಬಹುದಿತ್ತು.

ಸ್ಟುಡಿಯೋ ಮೆಟ್ಟಿಲ ಪಕ್ಕದಲ್ಲೇ ಹೂವಿನ ಅಜ್ಜಿ ಕೂರುತ್ತಾಳೆ. ಒದ್ದೆ ಬಾಳೆನಾರು, ಎರಡು ಕಾಕಡ ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಜಗ್ಗು. ಕಣ್ಣು ರಸ್ತೆ ಮೇಲೆ, ಬಾಯಿ ತುಂಬ ಎಲೆಅಡಿಕೆ. ಸರ್ಟಿಫಿಕೇಟ್ ಇಲ್ಲ ಪಾಪ. ವರಮಹಾಲಕ್ಷ್ಮಿ ಹಬ್ಬ ಬಂದರೆ ಅವಳ ಮೊಳ ಮೊಣಕೈ ಮುಟ್ಟುವುದಿಲ್ಲ, ಅದು ಬೇರೆ ಮಾತು. ನನ್ನ ಕೈಲಿದ್ದದ್ದನ್ನು ನೋಡಿ ನಾರು ಬಿಟ್ಟು ಎದ್ದಳು.

‘ಯಾರು ಹೋಗಿಬಿಟ್ಟರಪ್ಪಾ?’

ಮನೆಯಲ್ಲಿ ಅಮ್ಮ ಏನೂ ಕೇಳಲಿಲ್ಲ. ಗುಲಾಬಿ ಕಿತ್ತು ದೇವರಿಗೆ ಇಟ್ಟಳು. ಜರ್ಬೆರಾ ವಾಸನೆಯಿಲ್ಲ ಅಂತ ಕಿಟಕಿಗೆ ಹೋಯಿತು. ಇಟ್ಟಿಗೆ ಸಿಂಕಿನ ಹತ್ತಿರ. ಬೆಳಿಗ್ಗೆ ಎದ್ದಾಗ ಬೈಗುಳ ಕೇಳಿಸಿತು. ‘ಎಂಟುನೂರು ಕೊಟ್ಟು ತಂದನಂತೆ, ಎರಡು ಪಾತ್ರೆ ಉಜ್ಜೋ ಅಷ್ಟರಲ್ಲಿ ಪುಡಿಪುಡಿ!’