ಲೋಕಲ್‌ಹೋಸ್ಟ್ ಎಂಬ ಅದ್ವೈತ

ಉಡುಪಿಯ ಒಂದು ಕಚೇರಿಗೆ ಹೊಸ ರಿಪೋರ್ಟಿಂಗ್ ಸಾಫ್ಟ್‌ವೇರ್ ಬಂತು. ಬಟನ್ ಒತ್ತಿದರೆ ತಿಂಗಳ ವರದಿ ರೆಡಿ ಎಂದು ದೀಪ ಬೆಳಗಿಸಿ, ಗೋಳಿಬಜೆ ಹಂಚಿದರು. ಒಂದು ಸರ್ಟಿಫಿಕೇಟಿಗಾಗಿ ಅಲ್ಲಿನ ಬೆಂಚಿನಲ್ಲಿ ಕೂತಿದ್ದ ನನಗೂ ಎರಡು ಸಿಕ್ಕಿತು. ಸಾಹೇಬರು ಬಟನ್ ಒತ್ತಿದರು. ವರದಿ ಬಂತು. ತಲೆಬರಹ ಉಂಟು, ಲಾಂಛನ ಉಂಟು, ಸಹಿ ಹಾಕುವ ಜಾಗವೂ ಉಂಟು. ನಡುವೆ ಮಾತ್ರ ಏನೂ ಇಲ್ಲ.

"ಡೇಟಾಬೇಸ್ ಕನೆಕ್ಷನ್ ಕೊಟ್ಟಿಲ್ಲ ಸರ್" ಅಂದ ಕಂಪ್ಯೂಟರ್ ಹುಡುಗ.

"ಲೈಟ್ ಉರೀತಾ ಉಂಟಲ್ಲ ಮಾರಾಯ!"

ಡೇಟಾಬೇಸ್ ಅಂದರೆ ಕಚೇರಿಯ ಮಾಹಿತಿಯೆಲ್ಲ ತುಂಬಿಟ್ಟ ಕಣಜ. ಅದರ ಬಾಗಿಲು ತಟ್ಟಲು, ಪಾಪ, ಸಾಫ್ಟ್‌ವೇರ್ ಕೇಳುವುದು ಜಾಸ್ತಿ ಏನಲ್ಲ. ಡ್ರೈವರ್ ಯಾವುದು, ಡೇಟಾಬೇಸ್ ಯಾವ ಯಂತ್ರದಲ್ಲಿದೆ, ಪೋರ್ಟ್ ನಂಬರ್ ಎಷ್ಟು, ಹೆಸರೇನು, ಯೂಸರ್ ಯಾರು, ಪಾಸ್‌ವರ್ಡ್ ಏನು. ಹುಡುಗಿ ನೋಡಲು ಬಂದವರು ಇದಕ್ಕಿಂತ ಜಾಸ್ತಿ ಕೇಳುತ್ತಾರೆ. ಡ್ರೈವರ್ ಅಂದರೆ ವರದಿಗೂ ಡೇಟಾಬೇಸಿಗೂ ನಡುವಿನ ದುಭಾಷಿ. ಒಂದು ಜಾರ್ ಫೈಲ್, ಸರಿಯಾದ ಫೋಲ್ಡರಿಗೆ ಹಾಕಿದರೆ ಆಯಿತು. ಹುಡುಗ ಅನುಮತಿಗೆ ಬರೆದ. "ಡ್ರೈವರ್ ಹುದ್ದೆಗೆ ನೇಮಕಾತಿ ಸದ್ಯಕ್ಕಿಲ್ಲ" ಎಂದು ಸಿಬ್ಬಂದಿ ವಿಭಾಗದಿಂದ ಉತ್ತರ ಬಂತು. ಅವನು ಸುಮ್ನೆ ಇಳಿಸಿಕೊಂಡು ಹಾಕಿದ.

ಪಾಸ್‌ವರ್ಡ್ ಕತೆ ಬೇರೆ. ಅದು ಗೊತ್ತಿದ್ದವರಿಗೆ ವರ್ಗವಾಗಿತ್ತು. ಚಾರ್ಜ್ ಕೊಡುವಾಗ ಅವರು ಕಪಾಟು, ಕುರ್ಚಿ, ತಿರುಗದ ಫ್ಯಾನು ಎಲ್ಲವನ್ನೂ ಲೆಕ್ಕ ಮಾಡಿ ಕೊಟ್ಟಿದ್ದರು. ಪಾಸ್‌ವರ್ಡ್ ಪಟ್ಟಿಯಲ್ಲಿರಲಿಲ್ಲ. ಈ ಕಚೇರಿಯಿಂದ ನಡೆದುಕೊಂಡು ಹೋದರೆ ರಥಬೀದಿ. ಅಲ್ಲಿ ಎರಡು ವರ್ಷಕ್ಕೊಮ್ಮೆ ಪರ್ಯಾಯ. ಅಕ್ಷಯ ಪಾತ್ರೆ, ಸಟ್ಟುಗ, ಕೀಲಿಕೈ ಎಲ್ಲ ಬೆಳಗಾಗುವುದರೊಳಗೆ ಕೈಯಿಂದ ಕೈಗೆ ದಾಟುತ್ತದೆ. ಮರುದಿನ ಅನ್ನಕ್ಕೆ ಬಂದವರಿಗೆ "ಕೀಲಿಕೈ ಹಿಂದಿನವರ ಹತ್ತಿರ ಉಂಟು, ನಾಳೆ ಬನ್ನಿ" ಎಂದು ಯಾರೂ ಹೇಳಿದ್ದಿಲ್ಲ. ಇಲ್ಲಿ ಹನ್ನೊಂದು ಫೋನ್ ಆದ ಮೇಲೆ ಪಾಸ್‌ವರ್ಡ್ ಸಿಕ್ಕಿತು. 1234.

ಹುಡುಗ ತನ್ನ ಯಂತ್ರದಲ್ಲಿ ಎಲ್ಲ ತುಂಬಿಸಿ, ಟೆಸ್ಟ್ ಕನೆಕ್ಷನ್ ಒತ್ತಿದ. ಸಕ್ಸಸ್! ಬಾಕಿ ಅರ್ಜಿಗಳ ಸಾಲಿನಲ್ಲಿ ನನ್ನ ಹೆಸರೂ ಕಾಣಿಸಿತು. ಅದೇ ವರದಿಯನ್ನು ಮೇಲಿನ ಮಾಳಿಗೆಯ ಸಾಹೇಬರ ಕಂಪ್ಯೂಟರಿಗೆ ಹಾಕಿದರೆ ಮತ್ತೆ ಖಾಲಿ.

ಯಾಕೆಂದರೆ ಡೇಟಾಬೇಸಿನ ವಿಳಾಸ ಅಂತ ಅವನು ಬರೆದದ್ದು ಲೋಕಲ್‌ಹೋಸ್ಟ್. ಅಂಕೆಯಲ್ಲಿ 127.0.0.1. ಅದರರ್ಥ "ನಾನೇ". ಹುಡುಗನ ಯಂತ್ರ "ನಾನೇ" ಅಂದರೆ ಸರಿ, ಡೇಟಾಬೇಸ್ ಅದರ ಹೊಟ್ಟೆಯಲ್ಲೇ ಇದೆ. ಸಾಹೇಬರ ಯಂತ್ರವೂ "ನಾನೇ" ಎಂದುಕೊಂಡು ತನ್ನೊಳಗೇ ಹುಡುಕಿತು. ಅಲ್ಲಿ ಇದ್ದದ್ದು ಸಾಲಿಟೇರ್ ಆಟ. ಮಧ್ವಾಚಾರ್ಯರ ಊರಿನಲ್ಲಿ ಕೂತು ಒಂದು ಕಂಪ್ಯೂಟರ್ ಅದ್ವೈತ ಸಾಧಿಸುವುದೆಂದರೆ! ಆಚಾರ್ಯರು ಹೇಳಿದ ಪಂಚಭೇದಗಳಲ್ಲಿ ಜಡಕ್ಕೂ ಜಡಕ್ಕೂ ಭೇದ ಎಂಬುದೂ ಒಂದು. ಈ ಜಡ ಬೇರೆ, ಆ ಜಡ ಬೇರೆ. ಕೆಳಗಿನ ಯಂತ್ರದ ನಿಜವಾದ ಐಪಿ ವಿಳಾಸ ಬರೆದರೆ ಭೇದ ಸಿದ್ಧವಾಗುತ್ತದೆ.

ಬರೆದ. ಈಗ ಪೋರ್ಟ್ ತಕರಾರು. ಪೋರ್ಟ್ ಅಂದರೆ ಮಲ್ಪೆಯದ್ದೂ ಅಲ್ಲ, ಪಣಂಬೂರಿನದ್ದೂ ಅಲ್ಲ, ಒಂದು ಕಿಂಡಿ. ಮೈಎಸ್‌ಕ್ಯುಎಲ್ ಎಂಬ ಡೇಟಾಬೇಸಿಗೆ ರೂಢಿಯಲ್ಲಿ 3306ನೇ ಕಿಂಡಿ, ಪೋಸ್ಟ್‌ಗ್ರೆಸ್‌ಗೆ 5432. ಹುಡುಗನ ಯಂತ್ರದ ಫೈರ್‌ವಾಲ್ ಎಂಬ ಕಾವಲು ಗೋಡೆ ಆ ಕಿಂಡಿಯನ್ನು ಮುಚ್ಚಿಟ್ಟಿತ್ತು. ಕನಕದಾಸರಿಗಾಗಿ ಗೋಡೆಯೇ ಬಿರುಕು ಬಿಟ್ಟಿತಂತೆ, ಕೃಷ್ಣನೇ ತಿರುಗಿದನಂತೆ. ಈ ಗೋಡೆಯಲ್ಲಿ ಒಂದು ತೂತು ಬಿಡಲು ಬೆಂಗಳೂರಿನಿಂದ ಪತ್ರ ಬರಬೇಕಂತೆ.

"ಅಷ್ಟೆಲ್ಲ ಎಂತಕ್ಕೆ? ಆ ಕಂಪ್ಯೂಟರನ್ನೇ ಮೇಲೆ ತನ್ನಿ" ಅಂದರು ಸಾಹೇಬರು.

ಈಗ ತಿಂಗಳ ಕೊನೆಗೆ ಇಬ್ಬರು ಅದನ್ನು ಪಲ್ಲಕ್ಕಿಯ ಹಾಗೆ ಎತ್ತಿಕೊಂಡು ಹೋಗುತ್ತಾರೆ. ಹಿಂದೆ ಕೀಬೋರ್ಡ್ ಹಿಡಿದ ಹುಡುಗ. ವರದಿ ಅಂದವಾಗಿ ಬರುತ್ತದೆ.

ಮೊನ್ನೆ ಮತ್ತೆ ಹೋಗಿದ್ದೆ. ನನ್ನ ಸರದಿ ಬಂದಾಗ ಕೌಂಟರಿನವರು, "ಸರ್ವರ್ ಇಲ್ಲ, ನಾಳೆ ಬನ್ನಿ" ಅಂದರು. ಇದನ್ನು ಎಷ್ಟು ಸಲ ಕೇಳಿಲ್ಲ! ಜಗಳಕ್ಕೆ ಬಾಯಿ ತೆರೆದವನು ಅವರ ಭುಜದಾಚೆ ನೋಡಿದೆ. ನಿಜಕ್ಕೂ ಇರಲಿಲ್ಲ. ಮೆಟ್ಟಿಲು ಹತ್ತುತ್ತಿತ್ತು.